ಎಳೆದರೆ ಎಷ್ಟು ಕೊಡತ್ತೆ? ಬನ್ನೇರುಘಟ್ಟ ರಸ್ತೆಯ ಒಂದು ಮೈಲೇಜ್ ಚರಿತ್ರೆ

(1/5)
"ಎಷ್ಟು ಕೊಡತ್ತೆ?" ನಮ್ಮೂರಲ್ಲಿ ಯಾರೇ ಹೊಸ ಗಾಡಿ ತಂದರೂ ಮೊದಲು ಬರೋ ಪ್ರಶ್ನೆ ಇದು. ಪಿಕಪ್ ಹಿಂದೆ ಪುಟ್ಟ ಮನೆಯಂಥ ಟ್ರೇಲರ್ ಕಟ್ಟಿಕೊಂಡು ದೇಶ ಸುತ್ತೋರ ರೀಲ್ಸ್ ಕೆಳಗೂ ಇದೇ ಪ್ರಶ್ನೆ. ಉತ್ತರ ಕೇಳಿದರೆ ಬೇಜಾರಾಗತ್ತೆ. ಹೈವೇಲಿ ಒಂಟಿಯಾಗಿ ಲೀಟರಿಗೆ 12 ಕಿ.ಮೀ. ಕೊಡೋ ಪಿಕಪ್, ದೊಡ್ಡ ಟ್ರೇಲರ್ ಕಟ್ಟಿದರೆ 6-7ಕ್ಕೆ ಇಳಿಯೋದು ಮಾಮೂಲಿ. ಎಂಜಿನ್ ಕೆಟ್ಟಿಲ್ಲ, ಯಾರೂ ಮೋಸ ಮಾಡಿಲ್ಲ.

ಎಲ್ಲರೂ ತೂಕವನ್ನ ಬೈತಾರೆ. ಆದರೆ ಸಮತಟ್ಟಾದ ಹೈವೇಲಿ ನಿಜವಾದ ಖರ್ಚು ಗಾಳಿದು. ಟ್ರೇಲರ್ ಅಂದ್ರೆ ಪಿಕಪ್‌ಗಿಂತ ಎತ್ತರದ ಒಂದು ಗೋಡೆ. ಅದನ್ನ ಗಾಳಿಗೆ ಎದುರಾಗಿ ಎಳೀಬೇಕು. ಗಂಟೆಗೆ 80 ಕಿ.ಮೀ. ಬಿಟ್ಟು 100ಕ್ಕೆ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗತ್ತೆ. 1930ರ ದಶಕದಲ್ಲೇ ಇದು ಅಮೆರಿಕದವರಿಗೆ ಗೊತ್ತಿತ್ತು. ವಾಲಿ ಬೈಯಮ್ ಅನ್ನೋರು 1936ರಲ್ಲಿ ತಂದ ಏರ್‌ಸ್ಟ್ರೀಮ್ ಕ್ಲಿಪ್ಪರ್, ವಿಮಾನದ ಮೈಯಂತೆ ದುಂಡಗೆ ಅಲ್ಯೂಮಿನಿಯಂ ಹೊದ್ದುಕೊಂಡಿದ್ದು ಬರೀ ಚಂದಕ್ಕಲ್ಲ.

ನಮ್ಮಲ್ಲಿ ಅಂಥ ಟ್ರೇಲರ್ ಕಾಣೋದೇ ಅಪರೂಪ. ಆದರೆ ಎಳೆಯೋ ಖರ್ಚಿನ ಪ್ರಶ್ನೆಯನ್ನ ಬಹಳ ಗಂಭೀರವಾಗಿ ತಗೊಂಡ ಒಬ್ಬರು ಬೆಂಗಳೂರಲ್ಲಿದ್ದರು.

(2/5)
1973ರ ಅಕ್ಟೋಬರ್ ನೆನಪಿಟ್ಟುಕೊಳ್ಳಿ. 17ನೇ ತಾರೀಖು ಅರಬ್ ದೇಶಗಳು ತೈಲ ಕಡಿತ ಘೋಷಿಸಿದವು. ಬ್ಯಾರೆಲ್‌ಗೆ 3 ಡಾಲರ್ ಆಸುಪಾಸು ಇದ್ದ ಕಚ್ಚಾತೈಲ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರ ಬಂತು. ಅಮೆರಿಕದಲ್ಲಿ ಹೈವೇ ವೇಗಮಿತಿಯನ್ನ 55 ಮೈಲಿಗೆ, ಅಂದ್ರೆ ಸುಮಾರು 88 ಕಿ.ಮೀ.ಗೆ ಇಳಿಸಿದರು. ಮತ್ತೆ ಅದೇ ಗಾಳಿ ಲೆಕ್ಕ.

ಅದೇ ತಿಂಗಳು 28ನೇ ತಾರೀಖು ಇಂದಿರಾ ಗಾಂಧಿ ಬೆಂಗಳೂರಲ್ಲಿ ಐಐಎಂ ಉದ್ಘಾಟಿಸಿದರು. ಬನ್ನೇರುಘಟ್ಟ ರಸ್ತೆಯಲ್ಲಿ ಈಗ ನಾವು ನೋಡೋ, ದೋಶಿ ವಿನ್ಯಾಸದ ಕಲ್ಲಿನ ಕ್ಯಾಂಪಸ್ ಆಗಿನ್ನೂ ಇರಲಿಲ್ಲ. ಮೊದಲ ನಿರ್ದೇಶಕರು ಎನ್.ಎಸ್. ರಾಮಸ್ವಾಮಿ. ಮ್ಯಾನೇಜ್‌ಮೆಂಟ್ ಕಾಲೇಜಿನ ಮುಖ್ಯಸ್ಥರು ಅಂದ್ರೆ ಕಂಪನಿ, ಬ್ಯಾಂಕು ಅಂತ ಮಾತಾಡ್ತಾರೆ ಅಂದ್ಕೋತೀವಿ. ಇವರು ಮಾತಾಡಿದ್ದು ಎತ್ತಿನಗಾಡಿ ಬಗ್ಗೆ! ದೇಶದಲ್ಲಿ ಕೋಟಿಗೂ ಮೀರಿ ಗಾಡಿಗಳಿವೆ, ಅವು ಸಾಗಿಸೋ ಸರಕಿನ ಲೆಕ್ಕ ಯಾವ ಯೋಜನೆಯಲ್ಲೂ ಇಲ್ಲ, ಎಳೆಯೋ ಪ್ರಾಣಿಯ ನೋವಂತೂ ಮೊದಲೇ ಇಲ್ಲ ಅನ್ನೋದು ಅವರ ವಾದ. 1981ರಲ್ಲಿ ನೈರೋಬಿಯ ವಿಶ್ವಸಂಸ್ಥೆ ಇಂಧನ ಸಮ್ಮೇಳನದಲ್ಲಿ ಇಂದಿರಾ ಗಾಂಧಿಯವರೇ ಭಾರತದ ಪ್ರಾಣಿಶಕ್ತಿಯ ವಿಷಯ ಎತ್ತಿದರು.

(3/5)
ಈಗ ಎತ್ತಿನ ಮೈಲೇಜ್‌ಗೆ ಬರೋಣ. ನನಗೆ ಇಷ್ಟದ ಭಾಗ ಇದು, ಸ್ವಲ್ಪ ಉದ್ದ ಆಗತ್ತೆ, ಸಹಿಸ್ಕೊಳ್ಳಿ.

ಎತ್ತು ತನ್ನ ತೂಕದ ಹತ್ತನೇ ಒಂದು ಭಾಗದಷ್ಟು ಬಲದಲ್ಲಿ ದಿನವಿಡೀ ಎಳೆಯಬಲ್ಲದು ಅನ್ನೋದು ಒಂದು ಸ್ಥೂಲ ಲೆಕ್ಕ. ಜೋಡಿಯ ತೂಕ 800 ಕೆಜಿ ಅಂದ್ಕೊಳ್ಳಿ, ಆಗ ಎಳೆತ 80 ಕೆಜಿ. ಗಾಡಿ, ಹೇರು ಸೇರಿ ಒಂದೂವರೆ ಟನ್ ಇದ್ದರೆ, ಒಳ್ಳೇ ಟಾರು ರಸ್ತೆಲಿ ಗಾಳಿ ತುಂಬಿದ ಟೈರ್ ಮೇಲೆ ಬೇಕಾಗೋದು ಸುಮಾರು 30 ಕೆಜಿ ಬಲ. ಸಲೀಸು. ಅದೇ ಗಾಡಿ ಸಡಿಲ ಮಣ್ಣಿಗೆ ಇಳಿದರೆ 150 ದಾಟಬಹುದು. 20 ಮೀಟರಿಗೆ 1 ಮೀಟರ್ ಏರೋ ದಿಣ್ಣೆ ಬಂದರೆ ಅದಕ್ಕೇ 75 ಕೆಜಿ ಹೆಚ್ಚುವರಿ. ಗಾಳಿಯ ಲೆಕ್ಕ ಇಲ್ಲಿಲ್ಲ. ಗಂಟೆಗೆ ನಾಲ್ಕು ಕಿ.ಮೀ. ಹೋಗೋರಿಗೆ ಗಾಳಿ ತಂಪು ಅಷ್ಟೇ.

ಕಬ್ಬಿಣದ ಪಟ್ಟಿ ಹೊಡೆದ ಮರದ ಚಕ್ರ ಗಟ್ಟಿ ನೆಲದಲ್ಲಿ ಪರವಾಗಿಲ್ಲ. ಕೆಸರಲ್ಲಿ ಚಾಕು ಥರ ಇಳಿಯತ್ತೆ. ಕೀಲೆಣ್ಣೆ ಹಾಕೋದು ಮರೆತರೆ ಅಚ್ಚು ಕಿರುಗುಟ್ಟತ್ತಲ್ಲ, ಆ ಸದ್ದೂ ಎತ್ತಿನ ಶಕ್ತಿ ಪೋಲಾಗ್ತಿರೋದರ ಸದ್ದೇ.

ಇನ್ನೊಂದು ನೊಗದ ವಿಷಯ. ಎರಡು ಚಕ್ರದ ಗಾಡಿಯಲ್ಲಿ ಹೇರು ಮುಂದಕ್ಕೆ ಬಿದ್ದರೆ ಭಾರ ಮೂಕಿ ಮೂಲಕ ನೇರ ಎತ್ತಿನ ಹೆಗಲಿಗೆ. ಇಳಿಜಾರಲ್ಲಿ ಅದು ಇನ್ನೂ ಜಾಸ್ತಿ, ಯಾಕಂದ್ರೆ ಹಳೇ ಗಾಡಿಗೆ ಬ್ರೇಕ್ ಅನ್ನೋದು ಎತ್ತೇ. ಪಿಕಪ್‌ನವರು ಟ್ರೇಲರ್ ತೂಕದ ಶೇ. 10ರಿಂದ 15 ಮಾತ್ರ ಕೊಕ್ಕೆ ಮೇಲೆ ಬೀಳೋ ಹಾಗೆ ಸಾಮಾನು ಜೋಡಿಸ್ತಾರೆ. ನಮ್ಮ ಗಾಡಿ ಹೊಡೆಯೋರು ಮೂಟೆ ಹಿಂದೆ ಮುಂದೆ ಸರಿಸ್ತಿದ್ದದ್ದೂ ಈ ಹೊಂದಾಣಿಕೆಗೇ. ತಪ್ಪಿದರೆ ಪಿಕಪ್ ಹಿಂಭಾಗ ಕುಸಿಯತ್ತೆ. ಎತ್ತಿಗಾದರೆ ಹೆಗಲ ಮೇಲೆ ಹುಣ್ಣು.

ಇದನ್ನೆಲ್ಲ ಅಂದಾಜಲ್ಲಿ ಬಿಡದೆ ಅಳೆದು ನೋಡಿದವರು ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನವರು. ಎಂ.ಆರ್. ರಾಘವನ್ ಮತ್ತು ಡಿ.ಎಲ್. ಪ್ರಸನ್ನ ರಾವ್ ಗಾಡಿಯ ಮೇಲೆ ಬೀಳೋ ಬಲಗಳನ್ನ ಪ್ರಯೋಗ ಮಾಡಿ ಅಳೆದು 1979ರಲ್ಲಿ ಪ್ರಕಟಿಸಿದರು. ರಾಕೆಟ್ ಕಾಲದಲ್ಲಿ ಎತ್ತಿನಗಾಡಿ ಬಗ್ಗೆ ಸಂಶೋಧನೆನಾ ಅಂತ ನಗೋರಿಗೆ ಆ ಪ್ರಬಂಧಗಳೇ ಉತ್ತರ.

(4/5)
ಸುಧಾರಿತ ಗಾಡಿ ಗೆದ್ದಿತಾ? ಅರ್ಧ. ಟೈರ್ ಕಂಪನಿಯ ಹೆಸರಲ್ಲೇ ಕರೆಸಿಕೊಳ್ಳೋ "ಡನ್ಲಪ್ ಗಾಡಿ" ಮಂಡ್ಯದ ಕಬ್ಬಿನ ದಾರಿಗಳಲ್ಲಿ ಚೆನ್ನಾಗಿ ಓಡಿತು. ಉಳಿದ ಎಷ್ಟೋ ಮಾದರಿಗಳು ಸಣ್ಣ ರೈತನ ಕೈಗೆಟುಕಲಿಲ್ಲ. ಮತ್ತೆ ಒಂದು ಕಹಿ ಸಂಗತಿ: ಗಾಡಿ ಸಲೀಸಾಗಿ ಉರುಳತ್ತೆ ಅಂತ ಗೊತ್ತಾದ ಮೇಲೆ ಕಬ್ಬು ಮುಗಿಲಿಗೆ ಹೇರಿದರು. ಉಳಿಸಿದ್ದು ಎತ್ತಿನ ಬೆವರು ಅಂದ್ಕೊಂಡರೆ, ಆ ಉಳಿತಾಯ ಹೋಗಿದ್ದು ಹೇರಿನ ಲೆಕ್ಕಕ್ಕೆ. ಪಾಪ ರಾಮಸ್ವಾಮಿ ಅನ್ನಿಸತ್ತೆ ನನಗೆ.

ಆಮೇಲೆ ಗಾಡಿಗಳೇ ಊರಿಂದ ಮಾಯವಾದವು. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ ನೋಡಿ. ದೇವಸ್ಥಾನದೊಳಗೆ ಕಲ್ಲಿನ ಬಸವಣ್ಣ, ಹೊರಗೆ ಮೂಟೆ ಇಳಿಸ್ತಿರೋದು ಗೂಡ್ಸ್ ಆಟೋ, ಪಿಕಪ್.

(5/5)
ಆದರೆ ಎಳೆಯೋದು ನಿಂತಿಲ್ಲ. ಜೆ.ಪಿ. ನಗರದ ಕೊನೇ ಹಂತಗಳ ಗಲ್ಲಿಗಳಲ್ಲಿ, ಬನಶಂಕರಿ 6ನೇ ಹಂತದಲ್ಲಿ ಬೇಸಿಗೆ ಬೆಳಗ್ಗೆ ಟ್ರ್ಯಾಕ್ಟರ್ ಹಿಂದೆ ಕುಲುಕ್ತಾ ಹೋಗೋ ನೀರಿನ ಟ್ಯಾಂಕರ್ ನೋಡಿದೀರಲ್ಲ, ನಮ್ಮ ಏರಿಯಾದ ಟ್ರೇಲರ್ ಅದೇ. 6,000 ಲೀಟರ್ ನೀರು ಅಂದ್ರೆ 6 ಟನ್, ಟ್ಯಾಂಕ್ ತೂಕ ಬೇರೆ. ಪ್ರತಿ ಹಂಪ್‌ನಲ್ಲಿ ನಿಲ್ಲಿಸಿ ಅಷ್ಟನ್ನೂ ಮತ್ತೆ ಉರುಳಿಸಬೇಕು. ಬರ್ತಾ ತುಂಬಿದ ಟ್ಯಾಂಕ್, ಹೋಗ್ತಾ ಖಾಲಿ. ಡೀಸೆಲ್ ಎರಡೂ ಕಡೆಗೆ.

2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್ ದರ ಮನಬಂದಂತೆ ಏರಿದಾಗ ಬೆಂಗಳೂರು ನಗರ ಜಿಲ್ಲಾಡಳಿತ ದರ ನಿಗದಿ ಮಾಡಿತು. ಆ ಪಟ್ಟಿಯನ್ನ ಮೈಲೇಜ್ ಕಣ್ಣಿಂದ ಓದಿ: 6,000 ಲೀಟರಿಗೆ 5 ಕಿ.ಮೀ. ಒಳಗಾದರೆ 600 ರೂಪಾಯಿ, 5ರಿಂದ 10 ಕಿ.ಮೀ. ಆದರೆ 750. 12,000 ಲೀಟರಿಗೆ 1,000 ಮತ್ತು 1,200. ನೀರು ಅದೇ, ಅಳತೆ ಅದೇ. ಮೇಲಿನ 150, 200 ರೂಪಾಯಿ ಬರೀ ದೂರ ಎಳೆದದ್ದಕ್ಕೆ. ಹತ್ತಿರದ ಬೋರ್‌ವೆಲ್ ಬತ್ತಿದ ಬೀದಿಯವರು ಅದನ್ನ ಪ್ರತಿ ಲೋಡಿಗೂ ಕಟ್ಟಿದರು. ಕೊಡದಲ್ಲಿ ನೀರು ಹಂಚಿಕೊಳ್ಳೋ ವಠಾರದವರೂ ಕಟ್ಟಿದರು.

ನಿಮ್ಮ ಅಜ್ಜಿ ಊರಲ್ಲಿ ಹಳೇ ಗಾಡಿಯ ಚಕ್ರ, ನೊಗ, ಕೀಲೆಣ್ಣೆ ಬುರುಡೆ ಇನ್ನೂ ಇದ್ದರೆ ಫೋಟೋ ತೆಗೆದು ಡಿಎಂ ಮಾಡಿ. ಎಷ್ಟು ಮೂಟೆ ಹೇರ್ತಿದ್ರು, ಯಾವ ದಿಣ್ಣೇಲಿ ಇಳಿದು ಗಾಡಿ ತಳ್ತಿದ್ರು ಅಂತಾನೂ ಕೇಳ್ಕೊಂಡು ಬನ್ನಿ. ಮುಂದಿನ ಸರಣಿ ಅದರ ಮೇಲೇನೇ.