ಮೊಮ್ಮಕ್ಕಳು ಊರಿಗೆ ಹೋದ ಮೇಲಿನ ಮೈಸೂರು

ರಾಜ್ಯ ಪಠ್ಯಕ್ರಮದಲ್ಲಿ ಓದಿದ ಯಾರನ್ನೇ ಕೇಳಿ, ಏಪ್ರಿಲ್ 10 ಅಂದ್ರೆ ಫಲಿತಾಂಶದ ದಿನ. ಮಾರನೇ ದಿನ ಅಮ್ಮನ ಜೊತೆ ಬಸ್ಸೋ ರೈಲೋ ಹತ್ತಿದರೆ ಅಜ್ಜಿ ಮನೆ. ವಾಪಸ್ ಹೊರಡೋದು ಮೇ ಕೊನೆಗೆ, ರೋಹಿಣಿ ಮಳೆ ಹಿಡಿಯುವ ಹೊತ್ತಿಗೆ. ಆ ರಜೆಯ ಬಗ್ಗೆ ನಮ್ಮವರು ಬೇಕಾದಷ್ಟು ಬರೆದಿದ್ದಾರೆ. ಮಾವಿನಕಾಯಿ, ಚೌಕಾಬಾರ, ತಾರಸಿ ಮೇಲಿನ ಸಂಡಿಗೆ ಕಾಯೋದು ಎಲ್ಲಾ ಆಗಿದೆ :) ಆದರೆ ನಾವು ಹೊರಟ ಮಾರನೇ ದಿನ ಆ ಮನೆ ಹೇಗಿರುತ್ತಿತ್ತು ಅಂತ ಬರೆದವರು ಕಡಿಮೆ. ಬರೆಯುವವರೆಲ್ಲ ಹೊರಟು ಹೋದವರೇ ಅಲ್ವಾ!

ಮೈಸೂರಿನ ಮಟ್ಟಿಗಂತೂ ಆ ಮೌನಕ್ಕೂ ಒಂದು ಇತಿಹಾಸ ಇದೆ ಅನ್ನೋದು ನನ್ನ ವಾದ. ಯೋಚನೆ ಮಾಡಿ.. ಮೊಮ್ಮಕ್ಕಳು ಬಂದು ಹೋಗಬೇಕಾದರೆ ಮೊದಲು ಅವರು ಬೇರೆ ಊರಲ್ಲಿರಬೇಕು. ಅವರಪ್ಪನಿಗೆ ಅಲ್ಲೊಂದು ಸಂಬಳದ ಕೆಲಸ ಇರಬೇಕು. ಶಾಲೆಗಳಿಗೆಲ್ಲ ಒಂದೇ ಸಲ ರಜೆ ಬರಬೇಕು, ಓಡಾಡೋಕೆ ರೈಲಿರಬೇಕು. ಮಗಳು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬರೋದು ಹಳೇ ಕಾಲದ್ದೇ. ಆದರೆ ಆಗ ಗಂಡುಮಕ್ಕಳ ಮಕ್ಕಳು ಅದೇ ಮನೆಯಲ್ಲಿ ಬೆಳೆಯುತ್ತಿದ್ದುದರಿಂದ, ಮಗಳು ಹೊರಟ ಮೇಲೂ ಮನೆ ಖಾಲಿ ಆಗ್ತಿರಲಿಲ್ಲ.

ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದಿದ್ದು 1882ರಲ್ಲಿ. ಮನೆಗಳ ಕತೆ ಇನ್ನೂ ಸ್ವಾರಸ್ಯದ್ದು, ಅದರಲ್ಲಿ ಪ್ಲೇಗಿನ ಕೈವಾಡ ಇದೆ. 1898ರಲ್ಲಿ ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗು ಗೋಡೆಗೆ ಗೋಡೆ ಅಂಟಿಕೊಂಡಿದ್ದ ಹಳೇ ಕೇರಿಗಳನ್ನು ಬಿಡಲಿಲ್ಲ. ಆ ಪೆಟ್ಟಿನ ನಂತರ 1903ರಲ್ಲಿ ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಗಾಳಿ ಬೇಕು, ಬೆಳಕು ಬೇಕು, ಮನೆಗೂ ಮನೆಗೂ ನಡುವೆ ಜಾಗ ಬೇಕು ಅನ್ನೋದು ಅವತ್ತಿನ ತತ್ವ. ಒಂಟಿಕೊಪ್ಪಲು, ಕೃಷ್ಣಮೂರ್ತಿಪುರಂ, ಮುಂದೆ ಸರಸ್ವತಿಪುರಂ, ಜಯಲಕ್ಷ್ಮೀಪುರಂ.. ಇವುಗಳಲ್ಲಿ ಸುಮ್ಮನೆ ಒಂದು ಸುತ್ತು ಹಾಕಿದರೆ ಆ ಯೋಚನೆ ಕಣ್ಣಿಗೆ ಬೀಳುತ್ತೆ. ಅಗಲ ರಸ್ತೆ, ಮನೆ ಸುತ್ತ ಕಾಂಪೌಂಡು, ಒಂದೆರಡು ತೆಂಗಿನಮರ, ಹಿಂದುಗಡೆ ಕನ್ಸರ್ವೆನ್ಸಿ ಗಲ್ಲಿ. (ಆ ಗಲ್ಲಿಯ ನಿಜವಾದ ಉಪಯೋಗ ಕ್ರಿಕೆಟ್ಟು ಅಂತ ನಾವು ಬಹಳ ಕಾಲ ನಂಬಿದ್ದೆವು.)

ನನಗೆ ಅನ್ನಿಸೋದು ಇಷ್ಟು. ಹಳೇ ಅಗ್ರಹಾರದಲ್ಲಿ ನಿಮ್ಮ ಮೊಮ್ಮಕ್ಕಳು ಹೋದರೂ ಪಕ್ಕದ ಮನೆ ಮಗು ಅಳೋದು ಗೋಡೆ ದಾಟಿ ಕೇಳಿಸ್ತಿತ್ತು. ರೋಗ ದಾಟಬಾರದು ಅಂತ ಬಿಟ್ಟ ಜಾಗವನ್ನು ಸದ್ದೂ ದಾಟಲ್ಲ. ಮೇ ಕೊನೇ ವಾರದಲ್ಲಿ ಈ ಬಡಾವಣೆಯ ಮನೆಗಳು ಅಷ್ಟೊಂದು ಸ್ತಬ್ಧ ಅನ್ನಿಸೋದು ಇದಕ್ಕೇ ಇರಬೇಕು.

ಇನ್ನು ಕೆಲಸ. 1831ರಲ್ಲಿ ಬ್ರಿಟಿಷರು ಆಡಳಿತ ಕೈಗೆ ತಗೊಂಡಾಗಲೇ ಕಚೇರಿಗಳು ಬೆಂಗಳೂರಿಗೆ ಹೋದವು. ಮೈಸೂರಿಗೆ ಅರಮನೆ ಉಳಿಯಿತು, 1916ರಲ್ಲಿ ವಿಶ್ವವಿದ್ಯಾಲಯ ಬಂತು. ಇಂಜಿನಿಯರಿಂಗಿಗೆ 1946ರಲ್ಲಿ ಎನ್‌ಐಇ, 1963ರಲ್ಲಿ ಎಸ್‌ಜೆಸಿಇ. ಆದರೆ ಎಚ್‌ಎಎಲ್ (1940), ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954) ಎಲ್ಲಾ ಶುರುವಾಗಿದ್ದು ಬೆಂಗಳೂರಲ್ಲಿ. ಡಿಗ್ರಿ ಇಲ್ಲಿ, ಹಾಜರಿ ಪುಸ್ತಕ ಅಲ್ಲಿ! ನಮ್ಮ ಸಾಫ್ಟ್‌ವೇರ್ ಮಂದಿ ಅದೇ ಹಳಿ ಮೇಲೆ ಇನ್ನೂ ಸ್ವಲ್ಪ ದೂರ ಹೋದ್ವಿ ಅಷ್ಟೆ. ತಮಾಷೆ ಅಂದ್ರೆ, ಇನ್ಫೋಸಿಸ್ಸಿನ ತರಬೇತಿ ಕೇಂದ್ರಕ್ಕೆ ದೇಶದ ಎಲ್ಲ ಕಡೆಯಿಂದ ಹುಡುಗ ಹುಡುಗಿಯರು ಮೈಸೂರಿಗೆ ಬಂದು, ಕೆಲವು ತಿಂಗಳಿದ್ದು, ಬೇರೆ ಊರಿಗೆ ಹೋಗ್ತಾರೆ. ಇಡೀ ಊರಿಗೇ ಅಜ್ಜಿ ಮನೆ ಗುಣ.

ಅಂದ ಹಾಗೆ ರೇಡಿಯೋ ಕತೆಯೂ ಇದೇ. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲೇ ನಿಲಯ ಶುರು ಮಾಡಿದರು, ಅದಕ್ಕೆ 'ಆಕಾಶವಾಣಿ' ಅಂತ ಹೆಸರಾಯಿತು. ಮನೆಯಲ್ಲಿ ಹುಟ್ಟಿದ ಆ ಕೂಸೂ 1955ರಲ್ಲಿ ಬೆಂಗಳೂರಿಗೆ ಹೊರಟಿತು. ಮೈಸೂರಿಗೆ ಮತ್ತೆ ನಿಲಯ ಸಿಕ್ಕಿದ್ದು 1974ರಲ್ಲಿ.

ಹೋದ ಬೇಸಿಗೆಯಲ್ಲಿ ಅಕ್ಕನ ಮಕ್ಕಳು ಹೊರಟ ಮೇಲೂ ನಾನು ಒಂದು ವಾರ ಸರಸ್ವತಿಪುರಂನ ಅಜ್ಜಿ ಮನೆಯಲ್ಲೇ ಉಳಿದು ಲ್ಯಾಪ್‌ಟಾಪ್ ಕುಟ್ಟಿದೆ. ಮೊದಲ ದಿನ ಅಜ್ಜಿ ಮನೆಯಲ್ಲಿದ್ದ ಹೊದಿಕೆಗಳನ್ನೆಲ್ಲ ಒಗೆಯೋಕೆ ಹಾಕಿದರು. ಹಾಲು ಎರಡು ಲೀಟರಿನಿಂದ ಅರ್ಧಕ್ಕೆ ಇಳಿಯಿತು. ಮಧ್ಯಾಹ್ನ ಊಟ ಆದ ಮೇಲೆ ಇಬ್ಬರೂ ಮಲಗಿದವರು ನಾಲ್ಕೂವರೆಗೆ ಎದ್ದರು! "ಅಬ್ಬ, ಒಂದೂವರೆ ತಿಂಗಳಾಗಿತ್ತು ಕಣೋ ಹೀಗೆ ಮಲಗಿ" ಅಂದರು ಅಜ್ಜಿ, ಖುಷಿಯಾಗೇ. ಸಿನಿಮಾಗಳಲ್ಲಿ ತೋರಿಸೋ ಹಾಗೆ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳೋ ಅಜ್ಜಿಯನ್ನು ನಾನು ನೋಡಲಿಲ್ಲ. ಮೂರನೇ ದಿನ ಮಾತ್ರ ಸ್ವಲ್ಪ ಬೇರೆ. ಅಡಿಗೆಮನೆಯಿಂದ "ಎರಡು ಪಾವು ಅಕ್ಕಿ ತೊಳೆದುಬಿಟ್ನಲ್ಲೋ" ಅನ್ನೋ ದನಿ ಬಂತು. ತಾತ ಮೃಗಾಲಯದ ಟಿಕೆಟ್ಟುಗಳನ್ನು ಶರ್ಟಿನ ಜೇಬಿಂದ ತೆಗೆದು, ನೋಡಿ, ಮತ್ತೆ ಅಲ್ಲೇ ಇಟ್ಟುಕೊಂಡರು. ಆ ಸಂಜೆ ಯಾರೂ ಕೇಳದಿದ್ದರೂ ರೇಡಿಯೋ ಓಡ್ತಾ ಇತ್ತು.

ಈಗ ದಾರಿ ಹತ್ತಿರವಾಗಿದೆ. 2022ರ ನವೆಂಬರಿನಲ್ಲಿ ವಂದೇ ಭಾರತ್ ಬಂತು, 2023ರ ಮಾರ್ಚ್‌ನಲ್ಲಿ 118 ಕಿ.ಮೀ. ದಶಪಥ ಉದ್ಘಾಟನೆಯಾಯಿತು. ಹತ್ತಿರವಾದಷ್ಟೂ ಇರೋ ದಿನಗಳು ಕಮ್ಮಿಯಾದವು. ಶನಿವಾರ ಬಂದು ಭಾನುವಾರ ಸಂಜೆ ಹೊರಡಬಹುದಾದಾಗ ಆರು ವಾರ ಯಾರು ಇರ್ತಾರೆ ಹೇಳಿ? ಅದರ ಮೇಲೆ, ಹಿಂದೆ ಎಲ್ಲ ಮೊಮ್ಮಕ್ಕಳದೂ ಒಂದೇ ಏಪ್ರಿಲ್ 10 ಆಗಿತ್ತು. ಈಗ ಒಬ್ಬರದು ಸಿಬಿಎಸ್‌ಇ, ಒಬ್ಬರದು ಐಸಿಎಸ್‌ಇ, ಅಮೆರಿಕದಲ್ಲಿರೋ ಮಾವನ ಮಕ್ಕಳಿಗೆ ರಜೆ ಸಿಗೋದೇ ಜೂನ್‌ನಲ್ಲಿ, ಇಲ್ಲಿ ಶಾಲೆ ತೆರೆದ ಮೇಲೆ. ಒಂದು ಬ್ಯಾಚು ಹೋದ ಮೇಲೆ ಇನ್ನೊಂದು ಬರುತ್ತೆ. ಸಲಕ್ಕೊಮ್ಮೆ ಹೊದಿಕೆ ಒಗೆಯೋದು, ಸಲಕ್ಕೊಮ್ಮೆ ಹಾಲು ಇಳಿಸೋದು.. ಒಂದೇ ಬೇಸಿಗೆಯಲ್ಲಿ ಆ ಮನೆ ಮೂರು ಸಲ ಖಾಲಿಯಾಗುತ್ತೆ.