ಒಂದೇ ಮಾತ್ರೆ, ಎರಡು ಡಬ್ಬಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಊಟವಾದ ಮೇಲೆ ಜೇಬಿನಿಂದ ಕಿತ್ತಳೆ ಬಣ್ಣದ ಮಾತ್ರೆಯೊಂದನ್ನು ತೆಗೆದು, ಯಾರೂ ನೋಡಬಾರದೆಂಬಂತೆ ಗೋಡೆಯ ಕಡೆ ತಿರುಗಿ ನುಂಗಿದ. ವಿಚಾರಿಸಿದಾಗ ಬಹಳ ಸಂಕೋಚದಿಂದ ಹೇಳಿಕೊಂಡ. ಐದು ವರ್ಷಗಳಿಂದ ದೊಡ್ಡ ಕರುಳಿನಲ್ಲಿ ಹುಣ್ಣು, ಆಗಾಗ ರಕ್ತಭೇದಿ. ವೈದ್ಯರು ಇದನ್ನು ಅಲ್ಸರೇಟಿವ್ ಕೊಲೈಟಿಸ್ ಎನ್ನುತ್ತಾರಂತೆ. ಕಚೇರಿಯಲ್ಲಿ ಒಬ್ಬರಿಗೂ ತಿಳಿಸಿಲ್ಲವಂತೆ. ನಾನು ಎದ್ದು ಹೋಗಿ ನನ್ನ ಔಷಧದ ಡಬ್ಬಿಯನ್ನು ತಂದು ಅವನ ಮುಂದಿಟ್ಟೆ. ಅದರಲ್ಲಿದ್ದುದೂ ಅದೇ ಸಲ್ಫಸಲಜೀನ್! ಅವನದು ಕರುಳಿಗೆ, ನನ್ನದು ಬೆರಳ ಗಂಟುಗಳ ಸಂಧಿವಾತಕ್ಕೆ. "ಇದು ಹೇಗೆ ಸಾರ್?" ಎಂದು ಕೇಳಿದ. ಅಂದು ಕೊಟ್ಟದ್ದು ಅರ್ಧ ಉತ್ತರ. ಉಳಿದರ್ಧವನ್ನು ಓದಿ ತಿಳಿದು ಇಲ್ಲಿ ಬರೆಯುತ್ತಿದ್ದೇನೆ.

ಈ ಮಾತ್ರೆಯ ಹಿಂದಿರುವವರು ಸ್ವೀಡನ್ ದೇಶದ ವೈದ್ಯೆ ಡಾ. ನನ್ನಾ ಸ್ವಾರ್ಟ್ಸ್. 1890ರಲ್ಲಿ ವೆಸ್ಟೆರೋಸ್ ಪಟ್ಟಣದಲ್ಲಿ ಜನಿಸಿದ ಆಕೆ ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಸಂಸ್ಥೆಯಲ್ಲಿ ವೈದ್ಯಶಾಸ್ತ್ರ ಕಲಿತರು. 1927ರಲ್ಲಿ ಅವರು ಮಂಡಿಸಿದ ಮಹಾಪ್ರಬಂಧದ ವಿಷಯ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾ. 1937ರಲ್ಲಿ ಅದೇ ಸಂಸ್ಥೆಯ ಪ್ರಾಧ್ಯಾಪಕಿಯಾದರು. ಸ್ವೀಡನ್ನಿನ ಸರ್ಕಾರಿ ವಿದ್ಯಾಪೀಠವೊಂದರಲ್ಲಿ ಆ ಸ್ಥಾನವೇರಿದ ಮೊದಲ ಮಹಿಳೆ ಅವರೇ.

ಸ್ವಾರ್ಟ್ಸ್ ಹುಡುಕುತ್ತಿದ್ದುದು ಸಂಧಿವಾತಕ್ಕೆ ಮದ್ದು. ಆ ಕಾಯಿಲೆಗೆ ಬ್ಯಾಕ್ಟೀರಿಯಾ ಸೋಂಕೇ ಮೂಲವೆಂದು ಅಂದು ಅನೇಕರು ನಂಬಿದ್ದರು. ಹಾಗಾದರೆ ಸೋಂಕನ್ನು ತಡೆಯುವ ಸಲ್ಫಾಪಿರಿಡಿನ್ ಮತ್ತು ನೋವು, ಉರಿಯೂತಗಳನ್ನು ತಗ್ಗಿಸುವ ಸ್ಯಾಲಿಸಿಲಿಕ್ ಆಮ್ಲ, ಇವೆರಡನ್ನೂ ಒಂದೇ ಅಣುವಿನಲ್ಲಿ ಬೆಸೆದರೆ ಹೇಗೆ? ಫಾರ್ಮೇಸಿಯಾ ಕಂಪನಿಯ ರಸಾಯನಶಾಸ್ತ್ರಜ್ಞರು ಅವರ ಕೋರಿಕೆಯಂತೆ ಅಂಥದೊಂದು ಸಂಯುಕ್ತವನ್ನು ತಯಾರಿಸಿಕೊಟ್ಟರು. ಅದೇ ಸಲಜೋಪೈರಿನ್, ಎಂದರೆ ನಮ್ಮ ಸಲ್ಫಸಲಜೀನ್. 1942ರಲ್ಲಿ ಸ್ವಾರ್ಟ್ಸ್ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಸಂಧಿವಾತದ ರೋಗಿಗಳಿಗೆ ಮಾತ್ರವಲ್ಲ, ಕರುಳಿನ ಹುಣ್ಣಿನಿಂದ ನರಳುತ್ತಿದ್ದವರಿಗೂ ಅದರಿಂದ ಗುಣ ಕಂಡಿತ್ತು.

ಮುಂದಿನ ಕಥೆ ವಿಚಿತ್ರವಾದುದು. 1940ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆ ಸಂಧಿವಾತಕ್ಕೆ ಈ ಮದ್ದು ಪ್ರಯೋಜನವಿಲ್ಲವೆಂದಿತು. ಯಾವ ಕಾಯಿಲೆಗಾಗಿ ಹುಟ್ಟಿತೋ ಆ ಕಾಯಿಲೆಯ ವೈದ್ಯರೇ ಅದನ್ನು ಬಹುಮಟ್ಟಿಗೆ ಮರೆತರು. ಕರುಳಿನ ವೈದ್ಯರು ಮಾತ್ರ ಕೈಬಿಡಲಿಲ್ಲ. 1965ರಲ್ಲಿ ಲಂಡನ್ನಿನ ವೈದ್ಯರು, ಗುಣವಾದ ಮೇಲೂ ಈ ಮಾತ್ರೆಯನ್ನು ಮುಂದುವರಿಸಿದವರಲ್ಲಿ ಕೊಲೈಟಿಸ್ ಮರುಕಳಿಸುವುದು ಬಹಳ ಕಡಿಮೆಯೆಂದು ತೋರಿಸಿಕೊಟ್ಟರು.

ಆದರೆ ಬೆಸೆದ ಎರಡು ಭಾಗಗಳಲ್ಲಿ ಕರುಳಿಗೆ ಮದ್ದಾದುದು ಯಾವುದು? ಇದನ್ನು ಬಿಡಿಸಿದವರು ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ಅವರೊಡನೆ ಸಂಶೋಧನೆ ನಡೆಸುತ್ತಿದ್ದ ಬಾಂಗ್ಲಾದೇಶದ ವೈದ್ಯ ಆಜಾದ್ ಖಾನ್. ಇಡೀ ಔಷಧವನ್ನೂ ಅದರ ಎರಡು ಭಾಗಗಳನ್ನೂ ಬೇರೆಬೇರೆ ರೋಗಿಗಳಿಗೆ ಎನಿಮಾ ರೂಪದಲ್ಲಿ ಕೊಟ್ಟು ನೋಡಿದರು. 1977ರಲ್ಲಿ ಪ್ರಕಟವಾದ ಉತ್ತರ ಸ್ಪಷ್ಟವಾಗಿತ್ತು: ಕೆಲಸ ಮಾಡುವುದು ಸ್ಯಾಲಿಸಿಲಿಕ್ ವರ್ಗದ ಭಾಗವಾದ 5-ಅಮಿನೋಸ್ಯಾಲಿಸಿಲಿಕ್ ಆಮ್ಲ. ಸಲ್ಫಾ ಭಾಗ ಅದನ್ನು ದೊಡ್ಡ ಕರುಳಿನವರೆಗೆ ಹೊತ್ತೊಯ್ಯುವ ಗಾಡಿ ಮಾತ್ರ. ಅಡ್ಡಪರಿಣಾಮಗಳಲ್ಲಿ ಹೆಚ್ಚಿನವು ಆ ಗಾಡಿಯವೇ. ಗಾಡಿಯಿಂದ ಸರಕನ್ನು ಇಳಿಸುವವರು ಯಾರು? ಕರುಳಿನ ಬ್ಯಾಕ್ಟೀರಿಯಾಗಳು! ಸ್ವಾರ್ಟ್ಸ್ 1927ರಲ್ಲಿ ಮಹಾಪ್ರಬಂಧ ಬರೆದದ್ದು ಅವುಗಳ ಕುರಿತೇ ಅಲ್ಲವೇ! ಇಂದು ಕೊಲೈಟಿಸ್‌ಗೆ ಕೊಡುವ ಮೆಸಲಮಿನ್ ಎಂಬ ಔಷಧ ಈ ತಿಳಿವಳಿಕೆಯ ಫಲ.

ಸಂಧಿವಾತದ ವಿಚಾರವೂ ಅಲ್ಲಿಗೇ ಮುಗಿಯಲಿಲ್ಲ. 1970ರ ದಶಕದ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮಿನ ಡಾ. ಮೆಕಾಂಕಿ ಅದೇ ಮಾತ್ರೆಯನ್ನು ಮತ್ತೆ ಪರೀಕ್ಷಿಸಿ ಗುಣ ಕಂಡರು. ಸ್ವಾರ್ಟ್ಸ್ ತೀರಿಕೊಂಡದ್ದು 1986ರಲ್ಲಿ. ಮೂಲೆಗೆ ಬಿದ್ದಿದ್ದ ತಮ್ಮ ಮದ್ದು ಸಂಧಿವಾತಕ್ಕೆ ಮರಳಿ ಬಂದಾಗ ಅವರಿನ್ನೂ ಬದುಕಿದ್ದರು.

ಇದನ್ನು ಓದುವಾಗ ನನಗೆ ನನ್ನ ಕೆಂಪು ಶಾಯಿಯ ಪೆನ್ನು ನೆನಪಾಯಿತು. ಊಹೆ ತಪ್ಪೆಂದು ಕಂಡೊಡನೆ ಇಡೀ ಪುಟಕ್ಕೆ ಗೀಟೆಳೆದು ಸೊನ್ನೆ ಹಾಕುತ್ತಿದ್ದೆ. ಸೋಂಕೇ ಮೂಲವೆಂಬ ಸ್ವಾರ್ಟ್ಸರ ಊಹೆಯೂ ನಿಲ್ಲಲಿಲ್ಲ. ಆದರೆ ರೋಗಿಯ ಹಾಸಿಗೆಯ ಬಳಿ ನಿಂತು ಅವರು ಕಂಡದ್ದು ನಿಂತಿತು. ಹಾಗೆ ಸೊನ್ನೆ ಪಡೆದವರು ಯಾರಾದರೂ ಇದನ್ನು ಓದುತ್ತಿದ್ದರೆ ಕ್ಷಮಿಸಿ.

ಅಂದು ಬಂದಿದ್ದ ಆ ವಿದ್ಯಾರ್ಥಿಗೆ ಒಂದು ಮಾತು: ಕರುಳೂ ಕೈಬೆರಳಿನಂತೆ ದೇಹದ ಅಂಗವೇ. ಮುಂದಿನ ಸಲ ಬಂದಾಗ ಗೋಡೆಯ ಕಡೆ ತಿರುಗಬೇಡಪ್ಪ. ನಮ್ಮಿಬ್ಬರ ಮಾತ್ರೆಯನ್ನೂ ಒಟ್ಟಿಗೇ ನುಂಗೋಣ.