ನೀರಿನಲ್ಲಿ ನಿಂತ ಪದ

2024ರ ಮಾರ್ಚ್ 26ರ ನಸುಕಿನಲ್ಲಿ ಅಮೆರಿಕದ ಬಾಲ್ಟಿಮೋರ್ ಬಂದರಿನಿಂದ ಹೊರಟ ‘ಡಾಲಿ’ ಎಂಬ ಸರಕು ಹಡಗಿನಲ್ಲಿ ವಿದ್ಯುತ್ ಕೈಕೊಟ್ಟಿತು. ಹತೋಟಿ ತಪ್ಪಿದ ಹಡಗು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಒಂದು ಕಾಲಿಗೆ ಗುದ್ದಿತು. ನೋಡನೋಡುತ್ತಿದ್ದಂತೆ ಸೇತುವೆ ನೀರಿಗೆ ಬಿತ್ತು. ರಸ್ತೆ ದುರಸ್ತಿ ಮಾಡುತ್ತಿದ್ದ 6 ಕಾರ್ಮಿಕರು ಜೀವ ಕಳೆದುಕೊಂಡರು. ಹಡಗಿನ ಸಿಬ್ಬಂದಿಯಲ್ಲಿ ಹೆಚ್ಚಿನವರು ಭಾರತೀಯರು. ಹಾಗಾಗಿ ನಾವೂ ಆ ಸುದ್ದಿಯನ್ನು ಆತಂಕದಿಂದ ಓದಿದೆವು. ಸೇತುವೆಯ ಆ ಕಾಲಿಗೆ ಇಂಗ್ಲಿಷಿನಲ್ಲಿರುವ ಹೆಸರು ಪಿಯರ್.

‘ಪಿಯರ್ ರಿವ್ಯೂ’ ಎನ್ನುವಾಗ ಬರುವ ಪಿಯರ್ ಬೇರೆ. ಅದು ಸರಿಸಮಾನರನ್ನು ಸೂಚಿಸುವ ಪದ. ನಮ್ಮ ಪಿಯರ್ 12ನೇ ಶತಮಾನದಲ್ಲಿ ಮಧ್ಯಯುಗದ ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ಬಂದದ್ದು. ಮೊದಲಿಗೆ ಅದಕ್ಕಿದ್ದ ಅರ್ಥ ಸೇತುವೆಯ ಕಾಲು ಎಂದಷ್ಟೇ. ಬಂದರು, ಕಡಲತೀರಗಳಿಗೆ ಅದು ಹೋದದ್ದು ಆಮೇಲೆ.

ಸೇತುವೆ ಕಟ್ಟುವವರ ಬಾಯಲ್ಲಿ ಈ ಪದಕ್ಕೆ ಖಚಿತವಾದ ಗಡಿ ಇದೆ. ಎರಡು ದಡಗಳಲ್ಲಿ ಸೇತುವೆಯ ತುದಿಯನ್ನು ಹೊರುವುದು ಅಬಟ್‌ಮೆಂಟ್. ನಡುವೆ ಹೊರುವುದು ಪಿಯರ್. ಹಳೆಯ ಕಲ್ಲಿನ ಸೇತುವೆಗಳಲ್ಲಿ ಹೊಳೆ ಬರುವ ಕಡೆಗೆ ಪಿಯರಿನ ಮೂತಿಯನ್ನು ಚೂಪಾಗಿಸುತ್ತಿದ್ದರು. ನೀರು ಸೀಳಿಕೊಂಡು ಹೋಗಲಿ ಎಂದು. ಆದರೂ ನೆರೆಯಲ್ಲಿ ಹರಿವು ಕಾಲಿಗೆ ಬಡಿದು ಕೆಳಮುಖವಾಗಿ ತಿರುಗುತ್ತದೆ, ಬುಡದ ಸುತ್ತ ಸುಳಿಯಾಗಿ ಮರಳು, ಮಣ್ಣನ್ನು ಕೊರೆಯುತ್ತದೆ. ನೆರೆ ಇಳಿಯುತ್ತಿದ್ದಂತೆ ಆ ಹೊಂಡದಲ್ಲಿ ಸಡಿಲ ಮಣ್ಣು ತುಂಬಿಕೊಂಡು, ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. 1987ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಕೊಹ್ಯಾರಿ ಹೊಳೆಯ ಸೇತುವೆ ಉರುಳಿ 10 ಮಂದಿ ಸತ್ತದ್ದು ಹೀಗೆ ಬುಡ ಕೊರೆದುಹೋಗಿಯೇ.

ಬಂದರಿನಲ್ಲಿ ಪದದ ಕೆಲಸ ತಿರುವುಮುರುವಾಯಿತು. ಸೇತುವೆಯ ಪಿಯರ್ ನೀರಿಗೆ ದಾರಿ ಬಿಡಬೇಕು. ಬಂದರಿನ ಕಲ್ಲಿನ ಪಿಯರ್ ಅಲೆಯನ್ನು ತಡೆಯಬೇಕು. ಮುಂದೆ, ಆಳವಿಲ್ಲದ ತೀರಗಳಿಂದ ಕಡಲಿನೊಳಕ್ಕೆ ಚಾಚಿ, ಸರಕು ಇಳಿಸುವ ಕಟ್ಟೆಗೂ ಅದೇ ಹೆಸರಾಯಿತು. ಕೇರಳದ ಆಲಪ್ಪುಳದಲ್ಲಿ 1862ರಲ್ಲಿ ಕಟ್ಟಿದ ಪಿಯರಿನ ತುಕ್ಕು ತಿಂದ ಕಬ್ಬಿಣದ ಕಂಬಗಳನ್ನು ನೋಡಿದವರಿಗೆ ಇದು ಗೊತ್ತು. ಮಲಯಾಳಿಗಳು ಅದನ್ನು ‘ಕಡಲ್‌ಪಾಲಂ’ ಎನ್ನುತ್ತಾರೆ, ಕಡಲ ಸೇತುವೆ. ಇಂಗ್ಲಿಷ್ ಪದದ ಎರಡು ಅರ್ಥಗಳೂ ಆ ಹೆಸರಿನಲ್ಲಿ ಒಟ್ಟಿಗೆ ಸಿಗುತ್ತವೆ. ಮಂಗಳೂರಿನಲ್ಲಾದರೆ ಮೀನುದೋಣಿಗಳು ನಿಲ್ಲುವ ಜಾಗಕ್ಕೆ ಧಕ್ಕೆ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ.

ಪಿಯರ್ ವಿಹಾರದ ತಾಣವಾದದ್ದು ಇಂಗ್ಲೆಂಡಿನಲ್ಲಿ. ವೈಟ್ ದ್ವೀಪದ ರೈಡ್ ಪಿಯರ್ 1814ರಲ್ಲಿ ಶುರುವಾದದ್ದು ಪ್ರಯಾಣಿಕರು ಕೆಸರು ತುಳಿಯದೆ ದಡ ಸೇರಲೆಂದು. ಸೌತೆಂಡಿನಲ್ಲಿ ಇಳಿತದ ಹೊತ್ತಿಗೆ ಸಮುದ್ರ ಬಹುದೂರ ಹಿಂದೆ ಸರಿಯುತ್ತದೆ. ಅಲ್ಲಿನ ಪಿಯರ್ 2 ಕಿಲೋಮೀಟರಿಗೂ ಹೆಚ್ಚು ಉದ್ದ. ರೈಲು ಬಂದ ಮೇಲೆ ಜನ ಸಮುದ್ರದ ಗಾಳಿಗೆಂದೇ ಬರತೊಡಗಿದರು. ವಾದ್ಯ, ನಾಟಕ, ತಿಂಡಿ ಅಂಗಡಿ ಎಲ್ಲವೂ ನೀರಿನ ಮೇಲೆ ಬಂದವು. ಬ್ರೈಟನ್ನಿನಲ್ಲಿ 1866ರ ವೆಸ್ಟ್ ಪಿಯರ್ 1975ರಲ್ಲಿ ಮುಚ್ಚಿ, 2003ರಲ್ಲಿ ಬೆಂಕಿಗೆ ತುತ್ತಾಯಿತು. ಅದರ ಕಬ್ಬಿಣದ ಅಸ್ಥಿಪಂಜರ ದಡದಿಂದ ದೂರ ನೀರಿನಲ್ಲಿ ಒಂಟಿಯಾಗಿ ಉಳಿಯಿತು.

ಒಣನೆಲದಲ್ಲೂ ಪದ ಬದುಕಿದೆ. ಎರಡು ಕಿಟಕಿಗಳ ನಡುವಿನ ಗೋಡೆಯ ತುಂಡೂ ಪಿಯರ್. ಅಲ್ಲಿ ತೂಗುಹಾಕುವ ನೀಳವಾದ ಕನ್ನಡಿ ಪಿಯರ್ ಗ್ಲಾಸ್. ದಂತವೈದ್ಯರ ಬಳಿ ಹೋದರೆ ಇನ್ನೊಂದು ಪಿಯರ್ ಸಿಗುತ್ತದೆ. ಆಚೀಚೆ ಎರಡೂ ಹಲ್ಲು ಉದುರಿ, ನಡುವೆ ಒಂದೇ ಹಲ್ಲು ಉಳಿದಿದೆ ಎನ್ನಿ. ಉದ್ದದ ಬ್ರಿಡ್ಜ್ ಕೂರಿಸುವಾಗ ಎರಡು ಕಡೆಯ ಭಾರವನ್ನೂ ಹೊರುವ ಆ ನಡುವಿನ ಹಲ್ಲು ‘ಪಿಯರ್ ಅಬಟ್‌ಮೆಂಟ್’. ಗೋಡೆಯಾಗಲಿ, ಹಲ್ಲಾಗಲಿ, ಎರಡು ಖಾಲಿ ಜಾಗಗಳ ನಡುವೆ ನಿಂತು ಹೊರುವುದಕ್ಕೆ ಈ ಹೆಸರು.

ನಮ್ಮಲ್ಲಿ ಎಂಜಿನಿಯರರ ನಕ್ಷೆಯ ಪಿಯರ್ ಬೀದಿಗೆ ಬಂದಾಗ ಪಿಲ್ಲರ್ ಆಗುತ್ತದೆ. ಬೆಂಗಳೂರಿನಲ್ಲಿ ಮೆಟ್ರೊ ಪಿಲ್ಲರ್ ನಂಬರ್ ಹೇಳಿದರೆ ವಿಳಾಸ ಮುಗಿಯಿತು. ಆದರೆ ಹೊಳೆಯಲ್ಲಿರುವ ಪಿಯರಿಗೆ ಆ ಗುರುತೂ ಇಲ್ಲ. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯನ್ನು ಕಾವೇರಿಯ ಎಷ್ಟೋ ಪ್ರವಾಹಗಳಲ್ಲಿ ಎತ್ತಿ ಹಿಡಿದದ್ದು ಅದರ ಕಲ್ಲುಕಂಬಗಳು. ಸೇತುವೆ ಚೆನ್ನಾಗಿದೆಯೇ ಎಂದು ನಾವು ಕೇಳುವುದು ಮೇಲಿನ ಡಾಂಬರು ನೋಡಿ. ಮುಂದಿನ ಬೇಸಿಗೆಯಲ್ಲಿ ಹೊಳೆ ಇಳಿದಾಗ ನಮ್ಮೂರಿನ ಸೇತುವೆಯ ಕಾಲುಗಳ ಬುಡವನ್ನು ಯಾರಾದರೂ ನೋಡಿ ಬಂದರೇ ಎಂದು ಕೇಳೋಣ. ಮಳೆಗಾಲಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆ ಅದು.